ಪೆಟ್ಟು ಆಟದ ಭಾಗವಾದರೆ ಶಿಕ್ಷೆಯೂ ಭಾಗವೇ

ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರುವ ಹೊತ್ತಿಗೆ ನಮ್ಮ ಕಡೆ ಕಬಡ್ಡಿಯ ಕಾಲ ಶುರುವಾಗುತ್ತದೆ. ಕಳಸ, ಸಂಸೆ, ಬಾಳೂರು, ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆ, ಆ ಕಡೆ ಕುದುರೆಮುಖ ದಾಟಿ ಘಟ್ಟ ಇಳಿದರೆ ಬಜಗೋಳಿ, ಕಾರ್ಕಳ. ಮುಂಗಾರು ಹಿಡಿಯುವ ತನಕ ವಾರದ ಕೊನೆಗೆ ಎಲ್ಲಾದರೊಂದು ಕಡೆ ಹೊನಲು ಬೆಳಕಿನ ಪಂದ್ಯಾವಳಿ ಇದ್ದೇ ಇರುತ್ತದೆ. ಫ್ಲೆಕ್ಸಿನ ಮೇಲೆ ಅತಿಥಿಗಳ ಮುಖಗಳ ಸಾಲು, ಅದರ ಕೆಳಗೆ ನಗದು ಬಹುಮಾನ, ಶಾಶ್ವತ ಫಲಕ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ ‘ತೀರ್ಪುಗಾರರ ತೀರ್ಪೇ ಅಂತಿಮ’. ಈ ಸಂಭ್ರಮದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಪ್ರತಿ ವರ್ಷ ಈ ಅಂಕಣದ ಸುತ್ತ ಕೇಳಿಬರುವ, ಯಾರೂ ತಿರುಗಿ ಪ್ರಶ್ನೆ ಹಾಕದ ಒಂದು ಮಾತಿನ ಬಗ್ಗೆ. ಹುಡುಗನೊಬ್ಬ ಬಿದ್ದಲ್ಲಿಂದ ಏಳದೆ ಹೋದಾಗ ಆ ಮಾತು ಬರುತ್ತದೆ: ‘ಕಬಡ್ಡಿ ಅಂದ್ಮೇಲೆ ಪೆಟ್ಟು ಇದ್ದದ್ದೇ ಮಾರಾಯ್ರೆ. ಅಷ್ಟು ಹೆದರಿಕೆ ಇದ್ರೆ ಮನೇಲಿ ಕೂತು ಚನ್ನೆಮಣೆ ಆಡ್ಲಿ.’

ಸಂಘಟಕರು ಇದನ್ನು ಹೇಳುತ್ತಾರೆ, ಹಳೆಯ ಆಟಗಾರರು ಹೇಳುತ್ತಾರೆ, ಮೈಕಿನ ಮುಂದೆ ವೀಕ್ಷಕ ವಿವರಣೆ ಕೊಡುವವರು ಪ್ರಾಸ ಕಟ್ಟಿ ಹೇಳುತ್ತಾರೆ. ಒಮ್ಮೊಮ್ಮೆ ಪೆಟ್ಟು ತಿಂದ ಹುಡುಗನ ಅಪ್ಪನೇ ಹೇಳುತ್ತಾನೆ. ಇಷ್ಟು ಜನ ಒಪ್ಪಿದ ಮಾತು ನಿಜವಿರಬೇಕು ಎಂದು ನಂಬುವುದು ಸುಲಭ. ಅದು ಅರ್ಧ ಮಾತ್ರ ನಿಜ. ಆ ಅರ್ಧ ನಿಜದ ಮರೆಯಲ್ಲಿ ಉಳಿದರ್ಧ ಸುಳ್ಳು ಆರಾಮಾಗಿ ಓಡಾಡಿಕೊಂಡಿದೆ.

ನಿಜದ ಪಾಲನ್ನು ಮೊದಲು ಒಪ್ಪಿಬಿಡೋಣ. ಕಬಡ್ಡಿ ಮೈಗೆ ಮೈ ತಾಗುವ ಆಟ. ಏಳು ಜನರ ಕೋಟೆಗೆ ಒಬ್ಬನೇ ನುಗ್ಗಿ, 30 ಸೆಕೆಂಡಿನೊಳಗೆ ಮುಟ್ಟಿ ಬರಬೇಕು. ಕಾರ್ನರಿನವನು ಕಣಕಾಲಿಗೆ ಕೈ ಹಾಕುತ್ತಾನೆ, ಕವರಿನವನು ತೊಡೆ ಹಿಡಿಯುತ್ತಾನೆ, ಚೈನು ಕಟ್ಟಿದವರು ಮೇಲೆರಗುತ್ತಾರೆ. ಮಂಡಿ ತರಚುತ್ತದೆ, ಬೆರಳು ಉಳುಕುತ್ತದೆ, ಮರುದಿನ ಮೈಕೈ ನೋಯುತ್ತದೆ. ಇದಕ್ಕೆ ಯಾರನ್ನೂ ಶಿಕ್ಷಿಸಬೇಕಾಗಿಲ್ಲ. ಆದರೆ ದಾಳಿಗಾರ ಹಿಡಿತಕ್ಕೆ ಸಿಕ್ಕಿ ಸೀಟಿ ಊದಿದ ಮೇಲೂ ಅವನ ಬೆನ್ನಿನ ಮೇಲೆ ಮಂಡಿಯೂರಿ ಬೀಳುವುದು, ಕುತ್ತಿಗೆಗೆ ತೋಳು ಸುತ್ತಿ ಎಳೆಯುವುದು, ಎರಡು ಕಾಲನ್ನು ಕತ್ತರಿ ಮಾಡಿ ಅವನ ಮೊಣಕಾಲನ್ನು ತಿರುಚುವುದು, ಅಂಕಣದ ಬದಿಯ ಪಟ್ಟಿಯಾದ ಲಾಬಿಯ ಅಂಚಿನಲ್ಲಿ ಸಮತೋಲ ತಪ್ಪಿದವನನ್ನು ಭುಜದಿಂದ ತಲೆಗೇ ಗುದ್ದುವುದು ಇವೆಲ್ಲ ಬೇರೆ. ಮೊದಲನೆಯದು ಆಟ ತರುವ ನೋವು. ಎರಡನೆಯದು ಆಟ ಮುರಿದದ್ದರಿಂದ ಬರುವ ನೋವು. ‘ಪೆಟ್ಟು ಆಟದ ಭಾಗ’ ಎನ್ನುವವರು ಇವೆರಡನ್ನೂ ಒಂದೇ ಮೂಟೆಗೆ ತುಂಬಿ ಹೊಲಿದುಬಿಡುತ್ತಾರೆ.

ಈ ಗೆರೆಯನ್ನು ನಾನು ಎಳೆದದ್ದಲ್ಲ, ನಿಯಮ ಪುಸ್ತಕವೇ ಎಳೆದಿದೆ. ದಾಳಿಗಾರನ ಕೈಕಾಲು ಮತ್ತು ಮುಂಡವನ್ನು ಬಿಟ್ಟು ಬೇರೆ ಭಾಗವನ್ನು ಬೇಕೆಂದು ಹಿಡಿಯುವಂತಿಲ್ಲ. ಬಾಯಿ ಮುಚ್ಚುವಂತಿಲ್ಲ, ಗಂಟಲು ಒತ್ತುವಂತಿಲ್ಲ. ಕಾಲಿನ ಕತ್ತರಿ ಹಾಕುವುದು ಫೌಲ್. ಮೈಗೆ ಗಾಯವಾಗುವಂಥ ಒರಟು ಹಿಡಿತ ಫೌಲ್. ಉಗುರು ಕತ್ತರಿಸಿಕೊಂಡೇ ಅಂಕಣಕ್ಕೆ ಇಳಿಯಬೇಕು ಎಂಬಷ್ಟರ ಮಟ್ಟಿಗೆ ಅದರಲ್ಲಿ ಜಾಗ್ರತೆ ಇದೆ. ಹಸಿರು ಕಾರ್ಡು ಎಚ್ಚರಿಕೆ, ಹಳದಿ ಕಾರ್ಡಿಗೆ ಎರಡು ನಿಮಿಷ ಹೊರಗೆ, ಕೆಂಪು ಕಾರ್ಡಿಗೆ ಆ ಪಂದ್ಯದಿಂದಲೇ ಹೊರಗೆ. ಎದುರಾಳಿಯ ಉಗುರಿನ ಗೀರನ್ನೂ ತಡೆಯಲು ಹೊರಟ ಆಟವನ್ನು ಮಂಡಿ ಮುರಿಯಲು ಲೈಸೆನ್ಸ್ ಕೊಟ್ಟ ಆಟ ಎಂದು ಬಣ್ಣಿಸುವವರು ಆ ಪುಸ್ತಕವನ್ನು ತೆರೆದೇ ನೋಡಿಲ್ಲ.

‘ಹಿಂದಿನವರು ಹೀಗೇ ಆಡಿದ್ದು’ ಎಂಬ ವಾದ ಇದರ ಬೆನ್ನಿಗೇ ಬರುತ್ತದೆ. ಯಾವ ಹಿಂದಿನವರು? ಈ ಆಟಕ್ಕೆ ಮಹಾರಾಷ್ಟ್ರದಲ್ಲಿ ನಿಯಮ ಬರೆದು ಕಟ್ಟುಹಾಕಿ ಹೆಚ್ಚುಕಡಿಮೆ ನೂರು ವರ್ಷವಾಯಿತು. ಅಖಿಲ ಭಾರತ ಫೆಡರೇಷನ್ ಹುಟ್ಟಿದ್ದು 1950ರಲ್ಲಿ. 1990ರ ಬೀಜಿಂಗ್ ಏಷ್ಯನ್ ಗೇಮ್ಸಿನಿಂದ ಅದು ಪದಕದ ಆಟ. ಗದ್ದೆ ಬಯಲಿನ ಹುತುತು ಅಲ್ಲಿಯವರೆಗೆ ಹೋದದ್ದು ಒರಟುತನದಿಂದಲ್ಲ, ನಿಯಮಕ್ಕೆ ತಲೆಬಾಗಿದ್ದರಿಂದ. ಇನ್ನು ಕೊಯ್ಲಾದ ಗದ್ದೆಯಲ್ಲಿ ಆಡುತ್ತಿದ್ದ ಅಜ್ಜಂದಿರ ಕಾಲದ ಮಾತು. ಅಲ್ಲಿ ಎದುರು ನಿಂತವನು ಪಕ್ಕದ ಮನೆಯವನೋ ಭಾವನೆಂಟನೋ ಆಗಿರುತ್ತಿದ್ದ. ಅವನ ಕಾಲು ಮುರಿದರೆ ಮರುದಿನ ಅವನ ಮನೆ ಮುಂದೆಯೇ ಹಾದು ತೋಟಕ್ಕೆ ಹೋಗಬೇಕಿತ್ತು. ಆ ಲಜ್ಜೆಯೇ ಆಗಿನ ಕೆಂಪು ಕಾರ್ಡು. ಇವತ್ತು ಬಹುಮಾನದ ಹಣ ದೊಡ್ಡದು, ತಂಡಕ್ಕೆ ದೂರದೂರಿನಿಂದ ಆಟಗಾರರನ್ನು ಕರೆಸುತ್ತಾರೆ, ರಾತ್ರಿ ಎರಡಕ್ಕೆ ಫೈನಲ್ ಮುಗಿದರೆ ಮೂರಕ್ಕೆ ಅವರ ಜೀಪು ಊರು ಬಿಟ್ಟಿರುತ್ತದೆ. ಲಜ್ಜೆ ಹೋದ ಜಾಗಕ್ಕೆ ನಿಯಮ ಬರಬೇಕಿತ್ತು, ಅದೂ ಬರಲಿಲ್ಲ.

‘ಇದು ಗಂಡಸರ ಆಟ’ ಎನ್ನುವವರಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕುದುರೆಮುಖದಿಂದ ಘಟ್ಟ ಇಳಿದರೆ ಸಿಗುವ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ, 2014ರ ಅರ್ಜುನ ಪ್ರಶಸ್ತಿ ಪಡೆದವರು. ಅವರು ಅಲ್ಲಿಗೆ ಮುಟ್ಟಿದ್ದು ಯಾರದೋ ಕುತ್ತಿಗೆ ಹಿಸುಕಿ ಅಲ್ಲ.

ಈಗ ಎಲ್ಲಕ್ಕಿಂತ ಗಟ್ಟಿ ಎಂದು ಭಾವಿಸಲಾದ ಸಮರ್ಥನೆಗೆ ಬರೋಣ: ‘ಅವನು ಬೇಕಂತ ಮಾಡಿದ್ದಲ್ಲ.’ ನಿಜವಿರಬಹುದು. ಆದರೆ ಪ್ರಶ್ನೆ ಅದಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಏನು ಬರುತ್ತಿದೆ ಎಂದು ಕಾಣದೆಯೇ ಲಾರಿಯನ್ನು ಹಿಂದಿಕ್ಕುವವನೂ ಯಾರನ್ನೂ ಕೊಲ್ಲಬೇಕೆಂದು ಹೊರಟವನಲ್ಲ. ಅವನನ್ನು ನಾವು ಬೈಯುವುದು ದ್ವೇಷಕ್ಕಲ್ಲ, ಏನಾಗಬಹುದು ಎಂದು ಗೊತ್ತಿದ್ದೂ ನುಗ್ಗಿದ್ದಕ್ಕೆ. ದಾಳಿಗಾರನ ಬೆನ್ನು ತನ್ನ ಕಡೆಗಿದೆ, ಅವನು ಆಗಲೇ ಇಬ್ಬರ ಹಿಡಿತದಲ್ಲಿದ್ದಾನೆ, ತಲೆ ಕೆಳಗಾಗಿದೆ, ಕೈ ಊರಲು ಬಿಡುವಿಲ್ಲ. ಇಷ್ಟು ಕಂಡ ಮೇಲೂ ಓಡಿ ಬಂದು ಮೇಲೆ ಹಾರುವವನ ಮನಸ್ಸಿನಲ್ಲಿ ಏನಿತ್ತು ಎಂದು ವಿಚಾರಿಸುವುದು ದೇವರ ಕೆಲಸ. ತೀರ್ಪುಗಾರನ ಕೆಲಸ ಅವನು ಏನು ಮಾಡಿದ ಎಂದು ನೋಡುವುದು ಮಾತ್ರ.

‘ಆಡಲು ಒಪ್ಪಿ ಬಂದವನು ಪೆಟ್ಟಿಗೂ ಒಪ್ಪಿದಂತೆ’ ಎಂದು ಸ್ವಲ್ಪ ಓದಿದವರು ವಾದ ಹೂಡುತ್ತಾರೆ. ಈ ವಿಷಯವನ್ನು ನಮ್ಮ ಕಾನೂನು 1860ರಲ್ಲೇ ಯೋಚಿಸಿ ಮುಗಿಸಿದೆ. ಹಳೆಯ ದಂಡ ಸಂಹಿತೆಯ 87ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಇದನ್ನೇ ಹೇಳುತ್ತದೆ. ಉದಾಹರಣೆಗೆ ಅದು ಕೊಡುವುದೂ ಆಟವನ್ನೇ: ಇಬ್ಬರು ಮನರಂಜನೆಗೆಂದು ಕತ್ತಿವರಸೆ ಆಡುತ್ತಾರೆ, ಒಬ್ಬನಿಗೆ ಗಾಯವಾಗುತ್ತದೆ, ಹೊಡೆದವನದು ಅಪರಾಧವಲ್ಲ. ಆದರೆ ಷರತ್ತುಗಳನ್ನು ನೋಡಿ. ಗಾಯ ಮೋಸದಾಟವಿಲ್ಲದೆ ಆಗಿರಬೇಕು, ಹೊಡೆದವನು ನ್ಯಾಯವಾಗಿ ಆಡುತ್ತಿರಬೇಕು. ಸಾವನ್ನೋ ತೀವ್ರ ಗಾಯವನ್ನೋ ತರುವ ಉದ್ದೇಶವೂ ಇರಬಾರದು, ಅಂಥದ್ದು ಆಗುವ ಸಂಭವವಿದೆ ಎಂದು ಗೊತ್ತೂ ಇರಬಾರದು. ಒಪ್ಪಿಗೆ ಕೊಟ್ಟವನಿಗೆ 18 ವರ್ಷ ದಾಟಿರಬೇಕು. ನಮ್ಮ ಪಂದ್ಯಾವಳಿಗಳ ‘60 ಕೆ.ಜಿ. ವಿಭಾಗ’ದಲ್ಲಿ ಅಂಕಣಕ್ಕಿಳಿಯುವ ಹುಡುಗರಲ್ಲಿ ಎಷ್ಟೋ ಜನ ಇನ್ನೂ ಪಿಯುಸಿ ಮೆಟ್ಟಿಲು ಹತ್ತದವರು. ಅವರನ್ನು ತಕ್ಕಡಿಯಲ್ಲಿ ತೂಗುತ್ತೇವೆ, ವಯಸ್ಸು ಕೇಳುವುದಿಲ್ಲ. ಆಮೇಲೆ ಅವರ ‘ಒಪ್ಪಿಗೆ’ಯ ಮಾತಾಡುತ್ತೇವೆ.

ಇದು ನಮ್ಮೂರಿನ ಜಗಳ ಮಾತ್ರವೂ ಅಲ್ಲ. ಯುರೋಪಿನಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲಿ ಡಿಕ್ಕಿ ಹೊಡೆಯುವುದು ನಿಯಮದೊಳಗಿನ ವಿದ್ಯೆ, ದಾಳಿಗಾರನನ್ನು ಗುದ್ದಿ ಅಂಕಣದಾಚೆ ತಳ್ಳುವ ನಮ್ಮ ಡ್ಯಾಶ್ ಇದ್ದಂತೆ. ಅಲ್ಲೂ ಅಭಿಮಾನಿಗಳ ಬಾಯಲ್ಲಿ ಇದೇ ಪಲ್ಲವಿ: ಪೆಟ್ಟು ಬೇಡವೆಂದರೆ ಆಟ ಸಪ್ಪೆಯಾಗುತ್ತದೆ, ಶಿಕ್ಷೆ ಹೆಚ್ಚಾದರೆ ಗಂಡಸುತನ ಹೋಗುತ್ತದೆ. ಆದರೂ ಅಲ್ಲಿ ಗೆರೆ ಎಳೆದಿದ್ದಾರೆ. ಎದೆಗೆ ಎದೆ ಕೊಟ್ಟು ತಡೆಯಬಹುದು. ತಲೆಗೆ, ಕುತ್ತಿಗೆಗೆ ಗುರಿಯಿಡುವಂತಿಲ್ಲ, ಬೆನ್ನ ಹಿಂದಿನಿಂದ ಬರುವಂತಿಲ್ಲ, ಅಂಕಣದ ಸುತ್ತಲಿನ ಹಲಗೆಗೆ ಅಪ್ಪಳಿಸುವಂತೆ ತಳ್ಳುವಂತಿಲ್ಲ. ತೀವ್ರತೆ ನೋಡಿ ಎರಡು ನಿಮಿಷ, ಐದು ನಿಮಿಷ, ಅಥವಾ ಪಂದ್ಯದಿಂದಲೇ ಹೊರಗೆ. ಮುಖ್ಯವಾದದ್ದು ಇದರ ನಂತರದ್ದು. ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡಿನ ಲೀಗ್‌ಗಳಲ್ಲಿ ಪಂದ್ಯ ಮುಗಿದ ಮೇಲೆ, ತೀರ್ಪುಗಾರನಲ್ಲದ ಬೇರೊಬ್ಬರು ವಿಡಿಯೊ ನೋಡಿ, ಮುಂದಿನ ಇಷ್ಟು ಪಂದ್ಯಗಳಿಗೆ ನಿಷೇಧ ಎಂದು ಕಾರಣ ಸಹಿತ ಬರೆಯುತ್ತಾರೆ. ಆ ತೀರ್ಪುಗಳ ಬಗ್ಗೆಯೂ ಅಲ್ಲಿ ಜಗಳವಿದೆ. ಇವನಿಗೆ ಕಡಿಮೆಯಾಯಿತು, ಅವನಿಗೆ ಜಾಸ್ತಿಯಾಯಿತು ಎಂದು ಕೂಗಾಡುತ್ತಾರೆ. ಶಿಕ್ಷೆ ಎಷ್ಟು ಎಂಬ ಜಗಳ ಅಲ್ಲಿಯದು. ಶಿಕ್ಷೆ ಯಾಕೆ ಎಂಬಲ್ಲೇ ನಾವು ಇನ್ನೂ ನಿಂತಿದ್ದೇವೆ.

ಅಲ್ಲಿಯವರು ಸುಮ್ಮನೆ ಸಜ್ಜನರಾದದ್ದಲ್ಲ, ಪೆಟ್ಟು ತಿಂದೇ ಕಲಿತವರು. 2000ದಲ್ಲಿ ಜೂರಿಕ್‌ನಲ್ಲಿ ಹಿಂದಿನಿಂದ ಬಂದ ಡಿಕ್ಕಿಗೆ ಆಂಡ್ರೂ ಮೆಕಿಮ್ ಎಂಬ ಕೆನಡಾದ ಆಟಗಾರನ ಆಟದ ಬದುಕೇ ಮುಗಿದು, ವಿಷಯ ಸ್ವಿಸ್ ಕೋರ್ಟಿನ ಮೆಟ್ಟಿಲೇರಿತು. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ತಂಡದ ಆಡಂ ಜಾನ್ಸನ್ ಎದುರಾಳಿಯ ಸ್ಕೇಟಿನ ಅಲಗು ಕುತ್ತಿಗೆಗೆ ತಾಗಿ ತೀರಿಕೊಂಡ. ಪೊಲೀಸರು ಆ ಎದುರಾಳಿಯನ್ನು ಬಂಧಿಸಿ ವಿಚಾರಿಸಿದರು. 2025ರ ಏಪ್ರಿಲ್‌ನಲ್ಲಿ ಮೊಕದ್ದಮೆ ಹೂಡುವುದಿಲ್ಲ ಎಂದು ಸರ್ಕಾರಿ ಅಭಿಯೋಜಕರು ತೀರ್ಮಾನಿಸಿದರು. ಆದರೆ ಆ ತೀರ್ಮಾನಕ್ಕೆ ಕಾಯದೆ ಆಟ ತಾನೇ ಬದಲಾಯಿತು. ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ ತನ್ನ ಟೂರ್ನಿಗಳಲ್ಲಿ ಕುತ್ತಿಗೆಯ ರಕ್ಷಾಪಟ್ಟಿಯನ್ನು ಕಡ್ಡಾಯ ಮಾಡಿತು. ಯಾರೋ ಒಬ್ಬರನ್ನು ಜೈಲಿಗೆ ಹಾಕುವುದೋ ಇಲ್ಲ ಕೈಚೆಲ್ಲಿ ಕೂರುವುದೋ ಎಂಬ ಎರಡೇ ದಾರಿ ಇರುವುದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮಲ್ಲೂ ಸಾವು ಆಗಿದೆ. 2022ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಪಣ್ರುಟಿ ಬಳಿ ದಾಳಿಗೆ ಹೋದ ಕಾಲೇಜು ಹುಡುಗನೊಬ್ಬ ಹಿಡಿತಕ್ಕೆ ಸಿಕ್ಕಿ ಬಿದ್ದು, ಏಳಲು ಹೋಗಿ, ಅಂಕಣದಲ್ಲೇ ಕುಸಿದು ಸತ್ತ. ಆ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅದು ಫೌಲ್ ಎಂದು ನಾನು ಹೇಳುತ್ತಿಲ್ಲ. ನ್ಯಾಯವಾಗಿ ಆಡಿದಾಗಲೂ ಪ್ರಾಣ ಹೋಗಬಹುದಾದ ಆಟದಲ್ಲಿ ಅನ್ಯಾಯದ ಪೆಟ್ಟಿಗೆ ಸಡಿಲ ಬಿಡುವುದು ಎಂಥ ಹುಚ್ಚು ಎಂದಷ್ಟೇ ಕೇಳುತ್ತಿದ್ದೇನೆ. ಆ ವಿಡಿಯೊ ನೋಡಿ ‘ಛೇ ಪಾಪ’ ಎಂದವರೇ ಮುಂದಿನ ವಾರದ ಪಂದ್ಯದಲ್ಲಿ ‘ಬಿಡ್ಬೇಡ, ಹಾಕು’ ಎಂದು ಕೂಗಿದ್ದನ್ನೂ ಕೇಳಿದ್ದೇನೆ.

ಒಂದು ಊರಿನ ಪಂದ್ಯಾವಳಿಯಲ್ಲಿ ನಾನೇ ನೋಡಿದ್ದು. ಲಾಬಿಯ ಹೊರಗೆ ಒಂದು ಮಾರಿನಷ್ಟೂ ಜಾಗ ಬಿಡದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಅದರ ಪಕ್ಕದಲ್ಲೇ ಲೈಟಿನ ಕಂಬ. ಡ್ಯಾಶ್ ತಿಂದ ಹುಡುಗ ಕುರ್ಚಿಗಳ ಮೇಲೆ ಹಾರಿ ಬಿದ್ದ, ತಲೆ ಕಂಬಕ್ಕೆ ಬಡಿಯಿತು. ಒಂದೆರಡು ನಿಮಿಷ ಅವನಿಗೆ ಎಚ್ಚರವಿರಲಿಲ್ಲ. ಮುಖಕ್ಕೆ ನೀರು ಹೊಡೆದರು, ಕುತ್ತಿಗೆ ಹಿಡಿದು ಅಲುಗಾಡಿಸಿದರು (ಅದನ್ನಂತೂ ಮಾಡಲೇಬಾರದು), ಸ್ಪ್ರೇ ಹಾಕಿದರು. ಅವನು ಕಣ್ಣು ಬಿಟ್ಟ ಕೂಡಲೇ ಮೈಕಿನಲ್ಲಿ ‘ಗಂಡುಗಲಿ ಮತ್ತೆ ಅಂಕಣಕ್ಕೆ’ ಎಂಬ ಘೋಷಣೆ, ಸುತ್ತ ಚಪ್ಪಾಳೆ. ಅವನು ಮತ್ತೆ ದಾಳಿಗೆ ಹೋದ. ಯಾವ ಕಡೆಗೆ ಓಡಬೇಕು ಎಂಬುದೇ ಅವನಿಗೆ ಮರೆತಂತಿತ್ತು. ಜನ ನಕ್ಕರು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನನ್ನು ಅದೇ ದಿನ ಮತ್ತೆ ಆಡಿಸಬಾರದು ಎಂಬುದನ್ನು ಇವತ್ತು ವೈದ್ಯರನ್ನು ಕೇಳಿ ತಿಳಿಯಬೇಕಾಗಿಲ್ಲ. ಅಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಡ್ಯಾಶ್ ಹೊಡೆದವನೂ ಗಾಬರಿಯಾಗಿದ್ದ. ಆದರೆ ಆ ರಾತ್ರಿ ನಡೆದುದಕ್ಕೆ ‘ಆಟದ ಭಾಗ’ ಎನ್ನುವ ಹೆಸರು ಕೊಟ್ಟು ಎಲ್ಲರೂ ಮನೆಗೆ ಹೋದರು.

ನಮ್ಮ ಮಲೆನಾಡಿನಲ್ಲಿ ಇದಕ್ಕೊಂದು ವಿಶೇಷ ತೂಕವಿದೆ. ಕಳಸದಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬನ ತಲೆಗೆ ಪೆಟ್ಟಾದರೆ, ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವವರು ಇರುವುದು ಮಂಗಳೂರಿನಲ್ಲಿ ಅಥವಾ ಮಣಿಪಾಲದಲ್ಲಿ. ಕುದುರೆಮುಖದ ಕಾಡು ದಾಟಿ, ಘಟ್ಟದ ತಿರುವುಗಳನ್ನು ಇಳಿದು ಮಂಗಳೂರು ಮುಟ್ಟಲು ನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಮೈಲಿಗಟ್ಟಲೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಬೆಂಗಳೂರಿನ ಒಳಾಂಗಣದಲ್ಲಿ ಡಾಕ್ಟರು ಅಂಕಣದ ಪಕ್ಕದಲ್ಲೇ ಕೂತಿರುವಾಗ ಆಡುವವನಿಗಿಂತ ಇಲ್ಲಿ ಆಡುವವನಿಗೆ ನಿಯಮದ ರಕ್ಷಣೆ ಹೆಚ್ಚು ಬೇಕು. ನಾವು ಕೊಡುತ್ತಿರುವುದು ಕಡಿಮೆ.

ಮತ್ತೆ, ಆಡುವವರು ಯಾರು? ಹೆಚ್ಚಿನವರು ತೋಟದಲ್ಲಿ ದುಡಿಯುವ ಮನೆಯ ಮಕ್ಕಳು. ಮಂಡಿಯ ಲಿಗಮೆಂಟ್ ಹರಿದವನು ನೆರಳು ಮರದ ಕೊಂಬೆ ಕಡಿಯುವ ಮರಗಸಿಗೆ ಹತ್ತಲಾರ, ಸಿಲ್ವರ್ ಮರಕ್ಕೆ ಏಣಿ ಇಟ್ಟು ಮೆಣಸು ಕೊಯ್ಯಲಾರ. ಸಂಬಳ ಸಿಗುವ ಕೆಲಸವೇ ಅದು. ಪ್ರೊ ಕಬಡ್ಡಿ ಲೀಗಿನ ಆಟಗಾರನಿಗೆ ಫ್ರಾಂಚೈಸಿ ಇರುತ್ತದೆ, ಫಿಸಿಯೊ ಇರುತ್ತಾನೆ. ಇವನಿಗೆ ಪಂದ್ಯದ ಮರುದಿನ ಸಂಘಟಕರು ಕೊಡುವ ನಾಲ್ಕು ಕಾಸು ಮತ್ತು ಒಂದು ಶಾಲು. ಪೆಟ್ಟು ಆಟದ ಭಾಗವಾದರೆ ಚಿಕಿತ್ಸೆಯ ಖರ್ಚೂ ಆಟದ ಭಾಗವಾಗಬೇಕಿತ್ತು. ಅದು ಯಾಕೋ ಯಾವ ಫ್ಲೆಕ್ಸಿನಲ್ಲೂ ಕಾಣುವುದಿಲ್ಲ.

ಶಿಸ್ತು ಕ್ರಮದ ಮಾತೆತ್ತಿದ ಕೂಡಲೇ ಕೇಳುವ ಕರುಣೆಯ ಮಾತೊಂದಿದೆ: ‘ಪಾಪ, ಬಡ ಹುಡುಗ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸವೋ ರೈಲ್ವೆ ಕೆಲಸವೋ ಸಿಗಬಹುದು. ನಿಷೇಧ ಹಾಕಿ ಅವನ ಭವಿಷ್ಯ ಯಾಕೆ ಹಾಳು ಮಾಡ್ತೀರಿ?’ ಈ ಕರುಣೆ ಒಂದೇ ಕಡೆಗೆ ಹರಿಯುತ್ತದೆ. ಮಂಡಿ ಮುರಿದು ಮಲಗಿದವನೂ ಬಡ ಹುಡುಗನೇ, ಅವನೂ ಅದೇ ಕೋಟಾದ ಕನಸು ಕಂಡವನೇ. ಮೂರು ಪಂದ್ಯಾವಳಿ ಹೊರಗೆ ಕೂತವನ ಭವಿಷ್ಯ ಹಾಳಾಗುವುದಿಲ್ಲ. ಅವನು ನಾಲ್ಕನೆಯದಕ್ಕೆ ಹಿಡಿತ ತಿದ್ದಿಕೊಂಡು ಬರುತ್ತಾನೆ. ಅವನಿಗೂ ಅದರಿಂದ ಉಪಕಾರವೇ. ಮುಂದೆ ವಿಭಾಗ ಮಟ್ಟಕ್ಕೆ, ರಾಜ್ಯ ಮಟ್ಟಕ್ಕೆ ಹೋದರೆ ಅಲ್ಲಿನ ತೀರ್ಪುಗಾರರು ಅವನ ಊರಿನವರಾಗಿರುವುದಿಲ್ಲ.

ಪ್ರೇಕ್ಷಕರು ಬರುವುದಿಲ್ಲ ಎಂಬ ಭಯಕ್ಕಂತೂ ಆಧಾರವೇ ಇಲ್ಲ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಮ್ಯಾಟ್ ಇದೆ, ಕಾರ್ಡುಗಳಿವೆ, ವಿಡಿಯೊ ರಿವ್ಯೂ ಇದೆ. ಇಷ್ಟು ‘ಸಪ್ಪೆ’ ಮಾಡಿದ ಆಟವನ್ನು ನಮ್ಮ ತೋಟದ ಲೈನ್ ಮನೆಗಳಲ್ಲೂ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ನೋಡುತ್ತಾರೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಇಲ್ಲೂ ಪಟಾಕಿ ಹೊಡೆದರು. ಯಾರ ಕಾಲೂ ಮುರಿಯಲಿಲ್ಲವಲ್ಲ ಎಂದು ಯಾರೂ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನು ತೀರ್ಪುಗಾರರ ಪಾಡು. ಅವರನ್ನು ಬೈಯುವುದು ಸುಲಭ, ಅನ್ಯಾಯವೂ ಹೌದು. ಬಹುತೇಕ ದೈಹಿಕ ಶಿಕ್ಷಕರು, ವಾರವಿಡೀ ಶಾಲೆಯಲ್ಲಿ ದುಡಿದು ಶನಿವಾರ ರಾತ್ರಿ ಸೀಟಿ ಹಿಡಿದು ಬರುವವರು. ನಿಯಮ ಅವರಿಗೆ ಬಾಯಿಪಾಠ. ಆದರೆ ರಾತ್ರಿ ಎರಡು ಗಂಟೆಗೆ, ಫೈನಲಿನಲ್ಲಿ, ಆತಿಥೇಯ ಊರಿನ ಹುಡುಗನಿಗೆ ಕೆಂಪು ಕಾರ್ಡು ತೋರಿಸಿ, ಸುತ್ತ ನಿಂತ ಸಾವಿರ ಜನರ ನಡುವೆ ಬೈಕು ಹತ್ತಿ ಮನೆಗೆ ಹೋಗಬೇಕು. ಆ ಜಾಗದಲ್ಲಿ ನಿಂತರೆ ನಮ್ಮ ಕೈಯೂ ಜೇಬಿನಿಂದ ಹಸಿರು ಕಾರ್ಡನ್ನೇ ತೆಗೆದೀತು. ಹೀಗಾಗಿಯೇ ‘ತೀರ್ಪುಗಾರರ ತೀರ್ಪೇ ಅಂತಿಮ’ ಎಂಬ ಸಾಲಿಗೆ ನನ್ನ ವಿರೋಧ. ಅಂಕದ ಮಟ್ಟಿಗೆ ಅದು ಅಂತಿಮವಿರಲಿ. ಅಪಾಯದ ಆಟದ ಮಟ್ಟಿಗೆ ಅದು ಮೊದಲ ಮಾತು ಮಾತ್ರ ಆಗಬೇಕು. ಕೊನೆಯ ಮಾತನ್ನು ಮರುದಿನ ಹಗಲಿನಲ್ಲಿ, ಗದ್ದಲವಿಲ್ಲದ ಕಡೆ, ಆ ಊರಿಗೆ ಸೇರದ ಮೂರು ಜನ ವಿಡಿಯೊ ನೋಡಿ ಹೇಳಬೇಕು. ವಿಡಿಯೊ ಇಲ್ಲ ಎನ್ನುವ ಹಾಗಿಲ್ಲ. ಇವತ್ತು ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗದ ಪಂದ್ಯಾವಳಿ ಯಾವುದಿದೆ?

ಈಗ ಏನಾಗುತ್ತಿದೆ ಎಂದರೆ, ಕೆಂಪು ಕಾರ್ಡು ತಿಂದವನ ಶಿಕ್ಷೆ ಆ ಪಂದ್ಯದ ಕೊನೆಯ ಸೀಟಿಗೆ ಮುಗಿಯುತ್ತದೆ. ಮುಂದಿನ ಶನಿವಾರ ಅವನು ಇನ್ನೊಂದು ಊರಿನಲ್ಲಿ, ಒಮ್ಮೊಮ್ಮೆ ಇನ್ನೊಂದು ತಂಡದ ಜೆರ್ಸಿಯಲ್ಲಿ ಹಾಜರು. ಅವನ ಹೆಸರನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ‘ಅವನನ್ನು ಕರೆಸಿದ್ರೆ ಎದುರು ತಂಡ ಹೆದರುತ್ತೆ’ ಎಂಬುದೇ ಅವನ ಬೆಲೆಯಾಗುತ್ತದೆ. ಅಮೆಚೂರ್ ಕಬಡ್ಡಿ ಸಂಸ್ಥೆಯ ಆಶ್ರಯ, ಸಹಯೋಗ ಎಂದು ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿಕೊಳ್ಳುವಾಗ ಆ ಆಶ್ರಯದ ಜೊತೆಗೆ ಒಂದು ನಿಷೇಧದ ಪಟ್ಟಿಯೂ ಊರಿಂದೂರಿಗೆ ಹೋಗಬೇಕು. ಒಂದು ಊರಿನಲ್ಲಿ ಹೊರಗೆ ಕೂತವನು ಇನ್ನೊಂದು ಊರಿನಲ್ಲೂ ಹೊರಗೇ ಕೂರಬೇಕು. ಅವನನ್ನು ಆಡಿಸಿದ ತಂಡದ ಅಂಕ ಹೋಗಬೇಕು. ವಾಟ್ಸಾಪ್ ಗುಂಪಿನಲ್ಲಿ ಪಂದ್ಯಾವಳಿಯ ಡ್ರಾ ಹಂಚುವಷ್ಟೇ ಸುಲಭದ ಕೆಲಸವಿದು. ‘ನಮ್ಮದು ಊರ ಹಬ್ಬ, ಇಷ್ಟೆಲ್ಲ ಯಾಕೆ’ ಎನ್ನುವವರು ಕೊಡಗನ್ನು ನೋಡಲಿ. ಅಲ್ಲಿ 1997ರಿಂದ ನಡೆದುಬಂದ ಕೊಡವ ಕುಟುಂಬಗಳ ಹಾಕಿಗಿಂತ ದೊಡ್ಡ ಊರ ಹಬ್ಬ ಇನ್ನೊಂದಿಲ್ಲ. ಅಲ್ಲಿ ಹಬ್ಬವೂ ಇದೆ, ಹಾಕಿಯ ನಿಯಮವೂ ಇದೆ.

ಹಾಗಾಗಿ ಈ ಸಾಲಿನ ಕರಪತ್ರ ಅಚ್ಚಿಗೆ ಕೊಡಲಿರುವ ಯುವಕ ಸಂಘದವರಲ್ಲಿ ನನ್ನ ಕೇಳಿಕೆ ಇಷ್ಟು. ಲಾಬಿಯಿಂದಾಚೆ ಕುರ್ಚಿ, ಕಂಬ ಇಲ್ಲದಂತೆ ಜಾಗ ಬಿಡಿ. ಆಂಬುಲೆನ್ಸ್ ಬಂದು ನಿಲ್ಲುವ ತನಕ ಮೊದಲ ದಾಳಿಗೆ ಸೀಟಿ ಊದಿಸಬೇಡಿ. ತೂಕದ ಜೊತೆ ವಯಸ್ಸಿನ ದಾಖಲೆಯನ್ನೂ ಕೇಳಿ. ಎಚ್ಚರ ತಪ್ಪಿದವನನ್ನು, ಅವನೇ ಕೈಮುಗಿದು ಕೇಳಿದರೂ, ಅಂದು ಮತ್ತೆ ಇಳಿಸಬೇಡಿ. ಮತ್ತೆ ಬಹುಮಾನದ ಮೊತ್ತ ಬರೆದ ಅದೇ ದಪ್ಪಕ್ಷರದಲ್ಲಿ ಇನ್ನೊಂದು ಸಾಲು ಹಾಕಿಸಿ: ಅಪಾಯಕಾರಿ ಆಟಕ್ಕೆ ಕೆಂಪು ಕಾರ್ಡು ಪಡೆದವರಿಗೆ ಮುಂದಿನ ಪಂದ್ಯಾವಳಿಗಳಲ್ಲೂ ಪ್ರವೇಶವಿಲ್ಲ.